ನೈಟ್ರೇಟ್ ಹೋಯಿತು, ಸಾರಜನಕ ಎಲ್ಲಿಗೆ ಹೋಯಿತು?

"ತಮ್ಮಾ, ಇದು ದನದ ಕೊಟ್ಟಿಗೆಯ ಹಾಗೆ ನಾರುತ್ತದಲ್ಲ!"

ನೀರಿನ ಗಾಜಿನ ಲೋಟವನ್ನು ಮೂಗಿನ ಬಳಿಗೆ ಒಯ್ದ ಊರಿನ ಅವ್ವ ಅಷ್ಟೇ ವೇಗದಲ್ಲಿ ಅದನ್ನು ನನ್ನ ಕೈಗೆ ಹಿಂದಿರುಗಿಸಿದರು. ಕುಡಿಯಲು ಕೊಟ್ಟದ್ದಲ್ಲ, ಎಷ್ಟು ತಿಳಿಯಾಗಿದೆ ನೋಡಿ ಎಂದು ತೋರಿಸಲು ಹಿಡಿದಿದ್ದೆ. ಗ್ರಾಮ ಪಂಚಾಯಿತಿ ಕಟ್ಟೆಯ ಮುಂದೆ ಶಾಮಿಯಾನ, ಮೇಜಿನ ಮೇಲೆ ಕುಡಿಯುವ ನೀರಿನಿಂದ ನೈಟ್ರೇಟ್ ತೆಗೆಯುವ ನಮ್ಮ ಯಂತ್ರದ 20 ಲೀಟರಿನ ತೊಟ್ಟಿ, ಸುತ್ತ ಐವತ್ತು ಅರವತ್ತು ಜನ. ಪರೀಕ್ಷಾ ಕಿಟ್ಟಿನ ಬಣ್ಣದ ಪಟ್ಟಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಎಂಬ ಮಿತಿಗಿಂತ ಕೆಳಗಿಳಿದಿದೆ ಎಂದು ಹೇಳುತ್ತಿತ್ತು. ಆಗಷ್ಟೇ ಚಪ್ಪಾಳೆ ಬಿದ್ದಿತ್ತು. ನಮ್ಮ ಮಾಲೀಕರು ಫೋಟೊ ತೆಗೆಸಿಕೊಳ್ಳಲು ಅಂಗಿ ಸರಿಪಡಿಸಿಕೊಳ್ಳುತ್ತಿದ್ದರು. ನಾನು ಲೋಟವನ್ನು ಮೂಸಿ ನೋಡಿದೆ. ಅವ್ವ ಹೇಳಿದ್ದು ಸರಿಯಾಗಿತ್ತು. ಅಮೋನಿಯಾ.

ಎಂ.ಎಸ್ಸಿ. ರಸಾಯನಶಾಸ್ತ್ರ ಓದಿದ ನನಗೆ ಆರು ವಾರ ಹೊಳೆಯದೆ ಇದ್ದದ್ದು, ನಾಲ್ಕು ಎಮ್ಮೆ ಕಟ್ಟಿ ಜೀವನ ಮಾಡಿದ ಅವರಿಗೆ ಒಂದು ಉಸಿರಿನಲ್ಲಿ ಹೊಳೆದಿತ್ತು.

ನಾನು ಕೆಲಸ ಮಾಡುವುದು ರಾಯಚೂರಿನಲ್ಲಿ, ಕುಡಿಯುವ ನೀರಿನ ಘಟಕಗಳನ್ನು ಕೂರಿಸಿ ದುರಸ್ತಿ ಮಾಡುವ ಒಂದು ಸಣ್ಣ ಕಂಪನಿಯಲ್ಲಿ. ಹುದ್ದೆಯ ಹೆಸರು ಕೆಮಿಸ್ಟ್. ಆದರೆ ಅರ್ಧ ದಿನ ಐಸ್ ಡಬ್ಬಿಯಲ್ಲಿ ಮಾದರಿ ಬಾಟಲಿಗಳನ್ನು ಹೊತ್ತುಕೊಂಡು ಬಸ್ಸಿನಲ್ಲಿ ತಿರುಗುವುದೇ ಕೆಲಸ. ಈ ಹಳ್ಳಿ ಸಿಂಧನೂರಿಗೂ ಮಸ್ಕಿಗೂ ನಡುವೆ ಬರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಹರಿಯುವಾಗ ಊರಿನ ಕೆರೆ ತುಂಬುತ್ತದೆ, ಕುಡಿಯಲು ಅದೇ. ಕಾಲುವೆ ನಿಂತು ಬೇಸಿಗೆ ಏರಿದರೆ ಕೆರೆಯ ತಳ ಕಾಣುತ್ತದೆ. ಆಗ ಊರ ನಡುವಿನ ಬೋರ್‌ವೆಲ್ ಒಂದೇ ಗತಿ. ಆ ಬೋರ್‌ವೆಲ್ಲಿನಿಂದ ಹತ್ತು ಹೆಜ್ಜೆಗೆ ತಿಪ್ಪೆ, ಇನ್ನೊಂದು ಮಗ್ಗುಲಲ್ಲಿ ಶೌಚಾಲಯಗಳ ಗುಂಡಿಗಳು. ಸುತ್ತಲೂ ವರ್ಷಕ್ಕೆರಡು ಬೆಳೆ ಭತ್ತ, ಅದಕ್ಕೆ ಚೀಲಗಟ್ಟಲೆ ಯೂರಿಯಾ. ಇದೆಲ್ಲದರ ಸಾರಜನಕ ಮಣ್ಣಿನಲ್ಲಿ ನೈಟ್ರೇಟ್ ಆಗಿ, ಮಣ್ಣಿಗೆ ಅಂಟಿಕೊಳ್ಳದೆ, ನೀರಿನ ಜೊತೆ ಬಂಡೆಯ ಬಿರುಕುಗಳಿಗೆ ಇಳಿಯುತ್ತದೆ.

ಯಂತ್ರದ ಕಥೆಗೆ ಮುಂಚೆ ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಈ ಊರಿನ ಮೊದಲ ವರದಿ ಬರೆದವನು ನಾನೇ. ಹೊರದೇಶದ ಪರೀಕ್ಷಾ ಪಟ್ಟಿಯೊಂದನ್ನು ಬಳಸಿದ್ದೆ. ಬಣ್ಣ 20 ತೋರಿಸಿತು. ಭಾರತೀಯ ಮಾನಕ ಐಎಸ್ 10500 ಪ್ರಕಾರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಇಪ್ಪತ್ತು ನಲವತ್ತೈದಕ್ಕಿಂತ ಕಡಿಮೆ, "ಕುಡಿಯಲು ಯೋಗ್ಯ" ಎಂದು ಸಹಿ ಹಾಕಿದೆ. ಆ ಪಟ್ಟಿ ನೈಟ್ರೇಟನ್ನು ಅದರೊಳಗಿನ ಸಾರಜನಕದ ತೂಕದಲ್ಲಿ ಹೇಳುತ್ತದೆ ಎಂಬುದು ಡಬ್ಬಿಯ ಮಗ್ಗುಲಲ್ಲಿ ಸಣ್ಣ ಅಕ್ಷರದಲ್ಲಿತ್ತು. ಸಾರಜನಕದ ಲೆಕ್ಕವನ್ನು ನೈಟ್ರೇಟ್ ಲೆಕ್ಕಕ್ಕೆ ತರಲು 4.43ರಿಂದ ಗುಣಿಸಬೇಕು. ಅಂದರೆ ನನ್ನ 20 ನಿಜವಾಗಿ ಸುಮಾರು 89. ಅಮೆರಿಕದವರ ಮಿತಿ 10 ಎಂದು ಓದಿ "ಅವರು ಎಷ್ಟು ಬಿಗಿ!" ಎಂದು ಬೆರಗಾಗುವವರನ್ನು ನಾನು ಕಂಡಿದ್ದೇನೆ. ಅದೂ ಸಾರಜನಕದ ಲೆಕ್ಕವೇ, ಗುಣಿಸಿದರೆ ನಮ್ಮ ಮಿತಿಯ ಪಕ್ಕಕ್ಕೇ ಬಂದು ನಿಲ್ಲುತ್ತದೆ. ಹದಿನೈದು ದಿನಗಳ ನಂತರ ಪ್ರಯೋಗಾಲಯದ ಯಂತ್ರದಲ್ಲಿ ಅಳೆದು ನೋಡಿದಾಗ ಸುಮಾರು 90 ಬಂತು. ಪಂಚಾಯಿತಿಗೆ ಹೋಗಿ ಹಳೆಯ ವರದಿಯನ್ನು ವಾಪಸು ಕೇಳಿದೆ. ಪಿಡಿಒ ಮೇಡಂ ಏನೂ ಬೈಯಲಿಲ್ಲ. "ಈ ಹದಿನೈದು ದಿನ ಊರು ಕುಡಿದದ್ದನ್ನು ಹೇಗೆ ವಾಪಸು ಪಡೆಯುತ್ತೀರಿ?" ಎಂದು ಕೇಳಿದರು, ಅಷ್ಟೇ.

ನೈಟ್ರೇಟಿನ ಕೇಡು ಏನೆಂದರೆ, ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಸವಳು ನೀರಾದರೆ ನಾಲಿಗೆಯೇ ಬೇಡ ಎನ್ನುತ್ತದೆ, ಇದಕ್ಕೆ ಅಂಥ ಕಾವಲುಗಾರರಿಲ್ಲ. ಅದು ಯಾವ ಸಾಮಾನ್ಯ ವಸ್ತುವಿನೊಂದಿಗೂ ಗಸಿಯಾಗಿ ಕೆಳಗೆ ಕೂರುವುದಿಲ್ಲ, ಆದ್ದರಿಂದ ಪಟಿಕ ಹಾಕಿದರೂ ಪ್ರಯೋಜನವಿಲ್ಲ. ಊರಿನ ಒಬ್ಬ ಬಾಣಂತಿ ಹೆಮ್ಮೆಯಿಂದ, "ಮಗುವಿಗೆ ಹಾಲು ಬೆರೆಸಲು ನಾನು ಚೆನ್ನಾಗಿ ಕುದಿಸಿದ ನೀರನ್ನೇ ಬಳಸುತ್ತೇನೆ ಅಣ್ಣ, ಮುಕ್ಕಾಲು ಪಾಲು ಆಗುವವರೆಗೆ ಕುದಿಸುತ್ತೇನೆ" ಎಂದಳು. ನನಗೆ ಮಾತು ಹೊರಡಲಿಲ್ಲ. ಕುದಿಸಿದರೆ ಕ್ರಿಮಿ ಸಾಯುತ್ತದೆ, ನೈಟ್ರೇಟ್ ಅಲ್ಲಿಯೇ ಉಳಿಯುತ್ತದೆ. ಲೀಟರು ಮುಕ್ಕಾಲಾದರೆ 90 ಇದ್ದದ್ದು 120 ಆಗುತ್ತದೆ. ಆರು ತಿಂಗಳೊಳಗಿನ ಕೂಸುಗಳ ರಕ್ತ ಇದರಿಂದ ಪ್ರಾಣವಾಯುವನ್ನು ಹೊರುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟಬಹುದು. ಬಾವಿ ನೀರಿಗೂ ಈ ನೀಲಿಗೂ ಇರುವ ನಂಟನ್ನು 1945ರಲ್ಲಿ ಅಮೆರಿಕದ ಐಯೋವಾದ ವೈದ್ಯ ಹಂಟರ್ ಕಾಮ್ಲಿ ಬರೆದಿಟ್ಟರು. ಆ ದಿನ ಅವಳಿಗೆ ಹೇಳಿದ್ದು ಇಷ್ಟೇ: ಎದೆಹಾಲು ಸಾಕು, ಮೇಲಿನ ನೀರು ಬೇಡ.

ಪೊರೆಯ ಮೂಲಕ ನೀರು ಸೋಸುವ ಆರ್‌ಒ ಘಟಕ ಇರಲಿಲ್ಲವೇ ಎಂದು ಕೇಳುತ್ತೀರಿ. ಇತ್ತು. ನಾಣ್ಯ ಹಾಕಿದರೆ ಕೊಡ ತುಂಬುವಂಥದ್ದು. ಪೊರೆ ಕಟ್ಟಿಕೊಂಡು ನಿಂತಿತ್ತು, ಬದಲಿಸಲು ಹಣ ಬಂದಿರಲಿಲ್ಲ. ನಡೆಯುತ್ತಿದ್ದ ಕಾಲದಲ್ಲೂ ಅದು ಹೊರಹಾಕುತ್ತಿದ್ದ ತ್ಯಾಜ್ಯ ನೀರು, ಅಂದರೆ ಎಲ್ಲ ನೈಟ್ರೇಟನ್ನೂ ಒಟ್ಟುಗೂಡಿಸಿಕೊಂಡ ನೀರು, ಹೋಗುತ್ತಿದ್ದದ್ದು ಪಕ್ಕದ ಚರಂಡಿಗೆ. ಆ ಚರಂಡಿ ಹಾದುಹೋಗುವುದು ಬೋರ್‌ವೆಲ್ಲಿನ ಮಗ್ಗುಲಲ್ಲೇ. ಹೊರಗೆ ಹಾಕಿದವನು ಹಿತ್ತಲಿನಿಂದ ಒಳಗೆ ಬಂದ ಹಾಗೆ.

ನಮ್ಮ ಮಾಲೀಕರು ಹೈದರಾಬಾದಿನ ಒಂದು ಮಳಿಗೆಯಲ್ಲಿ ವಿದ್ಯುತ್ತು ಮತ್ತು ಶ್ರವಣಾತೀತ ಧ್ವನಿ (ಅಲ್ಟ್ರಾಸೌಂಡ್) ಎರಡನ್ನೂ ಬಳಸಿ ನೀರು ಶುದ್ಧಮಾಡುವ ಮಾದರಿಯೊಂದನ್ನು ಕಂಡು ಬಂದಿದ್ದರು. ಪೊರೆ ಇಲ್ಲ, ತ್ಯಾಜ್ಯ ನೀರಿಲ್ಲ, ನೈಟ್ರೇಟ್ "ಗಾಳಿಯಾಗಿ ಹಾರಿಹೋಗುತ್ತದೆ" ಎಂದು ಮಾರುವವನು ಹೇಳಿದ್ದನಂತೆ. ಅರ್ಧ ಸತ್ಯ. ಈ ಕೆಲಸದಲ್ಲಿ ಪೂರ್ತಿ ಸುಳ್ಳನ್ನು ಹಿಡಿಯುವುದು ಸುಲಭ.

ಯಂತ್ರ ಸರಳವಾಗಿತ್ತು. ತೊಟ್ಟಿಯಲ್ಲಿ ಆರು ಅಲ್ಯುಮಿನಿಯಂ ತಗಡುಗಳು, ನಡುವೆ ಒಂದು ಸೆಂಟಿಮೀಟರ್ ಅಂತರ, ಒಂದು ಬಿಟ್ಟು ಒಂದಕ್ಕೆ ಧನ ಮತ್ತು ಋಣ ತಂತಿ. 5 ಆಂಪಿಯರ್ ನೇರ ವಿದ್ಯುತ್ ಹರಿಸಿದರೆ ಧನ ತಗಡು ಕರಗಿ ಅಲ್ಯುಮಿನಿಯಂ ಹೈಡ್ರಾಕ್ಸೈಡಿನ ಬಿಳಿ ಹತ್ತಿಯಂಥ ಗಸಿ ಹುಟ್ಟುತ್ತದೆ. ಋಣ ತಗಡಿನ ಮೇಲೆ ನೀರು ಒಡೆದು ಹೈಡ್ರೋಜನ್ ಗುಳ್ಳೆಗಳು ಏಳುತ್ತವೆ. ಅದೇ ತಗಡಿನ ಮೇಲೆ ನೈಟ್ರೇಟ್ ಎಲೆಕ್ಟ್ರಾನುಗಳನ್ನು ಪಡೆದು ಮೊದಲು ನೈಟ್ರೈಟ್ ಆಗುತ್ತದೆ. ಅಲ್ಲಿಂದ ಮುಂದೆ ದಾರಿ ಕವಲೊಡೆಯುತ್ತದೆ. ಒಂದು ಕವಲು ಸಾರಜನಕ ಅನಿಲದ ಕಡೆಗೆ, ಇನ್ನೊಂದು ಅಮೋನಿಯಾದ ಕಡೆಗೆ. ಮೊದಲನೆಯದಕ್ಕೆ ಒಂದು ನೈಟ್ರೇಟಿಗೆ 5 ಎಲೆಕ್ಟ್ರಾನ್ ಸಾಕು, ಎರಡನೆಯದಕ್ಕೆ 8 ಬೇಕು. ಎಷ್ಟು ವಿದ್ಯುತ್ತಿಗೆ ಎಷ್ಟು ವಸ್ತು ಬದಲಾಗುತ್ತದೆ ಎಂದು ಹೇಳುವ ಫ್ಯಾರಡೆಯ ಲೆಕ್ಕ ಹಾಕಿದರೆ ಒಂದು ಗ್ರಾಂ ನೈಟ್ರೇಟನ್ನು ಅನಿಲ ಮಾಡಲು 2.16 ಆಂಪಿಯರ್-ಗಂಟೆ, ಅಮೋನಿಯಾ ಮಾಡಲು 3.46. ಬೇಡದ ವಸ್ತುವಿಗೇ ಹೆಚ್ಚು ವಿದ್ಯುತ್ತು. ಅಲ್ಯುಮಿನಿಯಂ ತಗಡು ಹೆಚ್ಚಾಗಿ ಹಿಡಿಯುವುದೂ ಆ ಎರಡನೆಯ ದಾರಿಯನ್ನೇ.

ಇದೆಲ್ಲ ನನಗೆ ಗೊತ್ತಿರಲಿಲ್ಲವೇ? ಪುಸ್ತಕದಲ್ಲಿ ಓದಿದ್ದೆ. ಮತ್ತೇಕೆ ಅಳೆಯಲಿಲ್ಲ? ಯಾರೂ ಕೇಳಲಿಲ್ಲ, ಅದಕ್ಕೆ. ಕರಾರಿನಲ್ಲಿದ್ದದ್ದು "ನೈಟ್ರೇಟ್ 45ಕ್ಕಿಂತ ಕಡಿಮೆ" ಎಂಬ ಒಂದೇ ಸಾಲು. ನಾನು ಆ ಒಂದು ಸಾಲನ್ನೇ ಆರು ವಾರ ಬೆನ್ನಟ್ಟಿದೆ.

ಆ ಆರು ವಾರಗಳಲ್ಲಿ ನಮ್ಮ ಗಮನವನ್ನೆಲ್ಲ ನುಂಗಿದ್ದು ಬೇರೊಂದು ತೊಂದರೆ. ನಮ್ಮ ಕಡೆಯ ನೀರು ಗಡಸು. ಇಲ್ಲಿ ಬಕೆಟ್ಟು, ಗೀಜರು, ಸ್ನಾನದ ಹಂಡೆ ಎಲ್ಲಕ್ಕೂ ಬಿಳಿ ಹೊಪ್ಪಳೆ ಕಟ್ಟುತ್ತದೆ. ಋಣ ತಗಡಿನ ಬಳಿ ನೀರು ಕ್ಷಾರವಾಗುವುದರಿಂದ ಸುಣ್ಣ ಅಲ್ಲಿಯೇ ಬಂದು ಕೂರುತ್ತದೆ. ಮೊದಲ ದಿನ 5 ಆಂಪಿಯರಿಗೆ 6 ವೋಲ್ಟ್ ಸಾಕಾಗಿತ್ತು, ನಾಲ್ಕನೇ ದಿನಕ್ಕೆ 12 ಬೇಕಾಯಿತು. ಶ್ರವಣಾತೀತ ಧ್ವನಿಗೆ ನಿಜವಾದ ಕೆಲಸ ಇರುವುದು ಇಲ್ಲಿ. ಸಿಂಧನೂರಿನ ಒಬ್ಬ ಪತ್ತಾರರ ಅಂಗಡಿಯಲ್ಲಿ ಮೂಗುತಿ, ಬೆಂಡೋಲೆಗಳ ಕೊಳೆ ತೆಗೆಯಲು ಒಂದು ಸ್ಟೀಲ್ ಡಬ್ಬಿ ಇದೆ, ನೀವೂ ನೋಡಿರುತ್ತೀರಿ. ಒಡವೆ ಹಾಕಿ ಗುಂಡಿ ಒತ್ತಿದರೆ ಸಣ್ಣಗೆ ಗುಂಯ್ ಎಂದು, ಕೊಳೆ ಹೊಗೆಯ ಹಾಗೆ ಬಿಟ್ಟುಕೊಳ್ಳುತ್ತದೆ. ನಮ್ಮ ತೊಟ್ಟಿಯ ತಳಕ್ಕೂ ಅಂಥವೇ 40 ಕಿಲೋಹರ್ಟ್ಸಿನ ಎರಡು ಸ್ಫಟಿಕಗಳನ್ನು ಅಂಟಿಸಿದ್ದರು. ಧ್ವನಿಯ ಅಲೆ ನೀರನ್ನು ಸೆಕೆಂಡಿಗೆ 40 ಸಾವಿರ ಸಲ ಹಿಗ್ಗಿಸಿ ಕುಗ್ಗಿಸುತ್ತದೆ. ಆಗ ಕಣ್ಣಿಗೆ ಕಾಣದಷ್ಟು ಚಿಕ್ಕ ಗುಳ್ಳೆಗಳು ಹುಟ್ಟಿ ಕುಸಿದು ಬೀಳುತ್ತವೆ. ಕುಸಿಯುವ ಗುಳ್ಳೆಯೊಳಗೆ ಕ್ಷಣಮಾತ್ರ ಸಾವಿರಾರು ಡಿಗ್ರಿ ಬಿಸಿ, ತಗಡಿನ ಪಕ್ಕದಲ್ಲಿ ಕುಸಿದರೆ ಸೂಜಿಯಂಥ ನೀರಿನ ಚಿಮ್ಮು. ಸುಣ್ಣ ಬಿಟ್ಟುಕೊಳ್ಳುತ್ತದೆ, ತಾಜಾ ನೀರು ತಗಡಿಗೆ ತಾಗುತ್ತದೆ.

ವೋಲ್ಟ್ ಮತ್ತೆ ಆರಕ್ಕೆ ಇಳಿಯಿತು. ಕುಣಿದೆವು. ಆಮೇಲೆ ಮೀಟರ್ ನೋಡಿದೆವು. 20 ಲೀಟರಿಗೆ ಎರಡು ಗಂಟೆ, ತಗಡುಗಳು ಕುಡಿದದ್ದು 60 ವ್ಯಾಟ್-ಗಂಟೆ, ಧ್ವನಿಯ ಸ್ಫಟಿಕಗಳು ಕುಡಿದದ್ದು 200. ಸಾವಿರ ಲೀಟರಿಗೆ ಲೆಕ್ಕ ಹಾಕಿದರೆ ನೀರು ಶುದ್ಧಮಾಡಲು 3 ಯೂನಿಟ್, ತಗಡು ತೊಳೆಯಲು 10 ಯೂನಿಟ್. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಪತ್ತಾರರ ಡಬ್ಬಿಗೂ ಸಲ್ಲುತ್ತದೆ ಎಂದುಕೊಂಡೆ. ಕೊನೆಗೆ ನಮ್ಮ ಎಲೆಕ್ಟ್ರಿಷಿಯನ್ ಹುಡುಗ ಒಂದು ಟೈಮರ್ ಕೂರಿಸಿ, ಹತ್ತು ನಿಮಿಷಕ್ಕೆ ಒಂದು ನಿಮಿಷ ಮಾತ್ರ ಧ್ವನಿ ಬರುವ ಹಾಗೆ ಮಾಡಿದ. ಸುಣ್ಣ ಕಟ್ಟುವುದು ನಿಧಾನ, ಒದರಲು ನಿಮಿಷ ಸಾಕು. ಹತ್ತು ಯೂನಿಟ್ ಒಂದಕ್ಕೆ ಇಳಿಯಿತು. ಇಡೀ ಯೋಜನೆಯಲ್ಲಿ ಬುದ್ಧಿವಂತಿಕೆಯ ಕೆಲಸ ಎಂದು ಒಪ್ಪಬೇಕಾದದ್ದು ಇದೊಂದೇ, ಅದೂ ನನ್ನದಲ್ಲ.

ಧ್ವನಿಯೇ ನೈಟ್ರೇಟನ್ನು ಒಡೆಯುತ್ತದೆ ಎಂದು ಮಾಲೀಕರು ಕೊನೆಯವರೆಗೂ ನಂಬಿದ್ದರು. ಅವರ ಸಮಾಧಾನಕ್ಕೆಂದು ವಿದ್ಯುತ್ತನ್ನು ಬಿಟ್ಟು ಧ್ವನಿಯನ್ನಷ್ಟೇ ಒಂದು ಗಂಟೆ ಬಟ್ಟಿ ಇಳಿಸಿದ ನೀರಿಗೆ ಕೊಟ್ಟೆ. ನೈಟ್ರೈಟ್ ಪರೀಕ್ಷೆ ಮಾಡಿದರೆ ತೆಳು ಗುಲಾಬಿ! ಏನೂ ಇರದ ನೀರಿನಲ್ಲಿ ನೈಟ್ರೈಟ್ ಎಲ್ಲಿಂದ ಬಂತು? ಕರಗಿದ ಗಾಳಿಯಿಂದ. ಕುಸಿಯುವ ಗುಳ್ಳೆಯ ಬಿಸಿಯಲ್ಲಿ ಗಾಳಿಯ ಸಾರಜನಕ ಮತ್ತು ಆಮ್ಲಜನಕ ಕೂಡಿಕೊಂಡು ನೈಟ್ರೈಟ್, ನೈಟ್ರೇಟ್ ಆಗುತ್ತವೆ, ಮಿಂಚು ಹೊಡೆದಾಗ ಆಗುವ ಹಾಗೆಯೇ. ಪ್ರಮಾಣ ಅತ್ಯಲ್ಪ, ಹೆದರುವಂಥದ್ದಲ್ಲ. ಆದರೂ ನೈಟ್ರೇಟ್ ತೆಗೆಯಲು ತಂದ ಸಾಧನ ಚೂರು ನೈಟ್ರೇಟನ್ನು ತಾನೇ ಹುಟ್ಟಿಸುತ್ತದೆ ಎಂದು ಮಾಲೀಕರಿಗೆ ಹೇಳಿದಾಗ ಅವರು ನನ್ನನ್ನು ನೋಡಿದ ರೀತಿ ಈಗಲೂ ನೆನಪಿದೆ. ನಾನೇ ಕದ್ದು ಬೆರೆಸಿದ್ದೇನೆ ಎಂಬಂತೆ.

ಇನ್ನು ವಾಸನೆ. ಅದು ನಮಗೇಕೆ ಮೊದಲೇ ಬರಲಿಲ್ಲ? ಇದನ್ನು ಯೋಚಿಸಿದಾಗಲೆಲ್ಲ ನಾಚಿಕೆಯಾಗುತ್ತದೆ, ನಗುವೂ ಬರುತ್ತದೆ. ಹೈಡ್ರೋಜನ್ ಏಳುತ್ತದೆ, ಬೆಂಕಿಯ ಅಪಾಯ ಎಂದು ಪ್ರಯೋಗಾಲಯದಲ್ಲಿ ತೊಟ್ಟಿಯ ಮೇಲೆಯೇ ಎಕ್ಸಾಸ್ಟ್ ಫ್ಯಾನ್ ಹಾಕಿಸಿದ್ದೆ. ಮಾದರಿ ಕೆಡಬಾರದೆಂದು ಬಾಟಲಿಯಲ್ಲಿ ಮೊದಲೇ ಗಂಧಕಾಮ್ಲದ ಹನಿ ಹಾಕಿಡುತ್ತಿದ್ದೆ. ಆಮ್ಲ ಸಿಕ್ಕರೆ ಅಮೋನಿಯಾ ಉಪ್ಪಾಗಿ ಅಡಗಿಕೊಳ್ಳುತ್ತದೆ, ಮೂಗಿಗೆ ಬರುವುದಿಲ್ಲ. ಎರಡೂ ನಿಯಮದ ಪ್ರಕಾರವೇ ಮಾಡಿದ್ದು, ಎರಡೂ ಸೇರಿ ನನ್ನ ಮೂಗು ಮುಚ್ಚಿದವು. ಹಳ್ಳಿಯಲ್ಲಿ ಫ್ಯಾನ್ ಇರಲಿಲ್ಲ, ಆಮ್ಲವಿರಲಿಲ್ಲ, ಏಪ್ರಿಲ್ ಬಿಸಿಲಿತ್ತು, ನೀರಿನ ಪಿಎಚ್ 9 ದಾಟಿ ನೀರು ಕ್ಷಾರವಾಗಿತ್ತು. ಅಮೋನಿಯಾ ಹೊರಗೆ ಬರಲು ಇನ್ನೇನು ಬೇಕು?

ಮರುದಿನ ರಾಯಚೂರಿಗೆ ಬಂದವನೇ ಜಮಾ-ಖರ್ಚಿನ ಪುಸ್ತಕದಂತೆ ಎರಡು ಕಾಲಂ ಎಳೆದೆ. ಒಳಗೆ ಹೋದ ಸಾರಜನಕ ಒಂದು ಕಡೆ, ಹೊರಗೆ ಬಂದದ್ದು ಇನ್ನೊಂದು ಕಡೆ. ಎಲ್ಲವೂ ಸಾರಜನಕದ ತೂಕದಲ್ಲೇ. ಅಂದು ನನ್ನನ್ನು ಬೀಳಿಸಿದ ಲೆಕ್ಕವೇ ಇಂದು ಕೈ ಹಿಡಿಯಿತು. ನೈಟ್ರೇಟಿನಲ್ಲಿ ಇಳಿದದ್ದು ಲೀಟರಿಗೆ ಸುಮಾರು 12 ಮಿಲಿಗ್ರಾಂ ಸಾರಜನಕ. ಅದರಲ್ಲಿ 9ಕ್ಕೂ ಹೆಚ್ಚು ಅಮೋನಿಯಾ ಆಗಿ ನೀರಿನಲ್ಲೇ ಕುಳಿತಿತ್ತು. ಚೂರು ನೈಟ್ರೈಟ್. ನಿಜವಾಗಿ ನೀರು ಬಿಟ್ಟು ಹೋದದ್ದು ಎರಡರ ಆಸುಪಾಸು. ಕುಡಿಯುವ ನೀರಿನಲ್ಲಿ ಅಮೋನಿಯಾಕ್ಕೆ ಮಾನಕದ ಮಿತಿ 0.5. ಒಂದು ಮಿತಿಯೊಳಗೆ ತರಲು ಹೋಗಿ ಇನ್ನೊಂದನ್ನು ಹದಿನೆಂಟು ಪಟ್ಟು ದಾಟಿದ್ದೆವು, ಚಪ್ಪಾಳೆ ಬೇರೆ ತಟ್ಟಿಸಿಕೊಂಡಿದ್ದೆವು.

ದಾರಿಯೇ ಇರಲಿಲ್ಲ ಎಂದಲ್ಲ. ಕ್ಲೋರಿನ್ ಸಾಕಷ್ಟು ಕೊಟ್ಟರೆ ಅಮೋನಿಯಾ ಸಾರಜನಕ ಅನಿಲವಾಗುತ್ತದೆ. ಒಂದು ಪಾಲು ಸಾರಜನಕಕ್ಕೆ ತೂಕದಲ್ಲಿ 7.6 ಪಾಲು ಕ್ಲೋರಿನ್ ಬೇಕು, ಅದೂ ಕಾಗದದ ಮೇಲೆ. ನಮ್ಮ ನೀರಿಗೆ ಸಾವಿರ ಲೀಟರಿಗೆ ಇನ್ನೂರು ಗ್ರಾಂಗೂ ಮೀರಿ ಬ್ಲೀಚಿಂಗ್ ಪೌಡರ್. ಊರಿನ ಟ್ಯಾಂಕಿಗೆ ಸಾಮಾನ್ಯವಾಗಿ ಹಾಕುವುದು ನಾಲ್ಕೈದು ಗ್ರಾಂ. ಧನ ತಗಡನ್ನು ಬದಲಿಸಿ, ರುಥೇನಿಯಂ ಆಕ್ಸೈಡ್ ಲೇಪಿಸಿದ ಟೈಟಾನಿಯಂ ಹಾಕಿದರೆ ನೀರಿನಲ್ಲಿರುವ ಉಪ್ಪಿನಿಂದಲೇ ಕ್ಲೋರಿನ್ ಹುಟ್ಟುತ್ತದೆ, ಪುಡಿ ಬೇಡ. ಅದನ್ನೂ ಮಾಡಿ ನೋಡಿದೆವು. ಅಮೋನಿಯಾ ಇಳಿಯಿತು, ಆದರೆ ನೀರು ಈಜುಕೊಳದ ವಾಸನೆ ಹೊಡೆಯಿತು. ಅಂಥ ತಗಡಿನ ಮೇಲೆ ಕ್ಲೋರೇಟ್ ಎಂಬ ಇನ್ನೊಂದು ಬೇಡದ ವಸ್ತುವೂ ಹುಟ್ಟುತ್ತದೆ, ಅದನ್ನು ಅಳೆಯುವ ಯಂತ್ರ ನಮ್ಮಲ್ಲಿಲ್ಲ. ಅಳೆಯಲಾಗದ್ದನ್ನು ಊರಿಗೆ ಕುಡಿಸುವುದಿಲ್ಲ ಎಂದು ನಾನು ಹಟ ಹಿಡಿದೆ. ಮಾಲೀಕರು ಎರಡು ದಿನ ಮಾತು ಬಿಟ್ಟರು.

ಮೂರನೇ ದಿನ ಗಸಿಯ ಲೆಕ್ಕ ಅವರನ್ನೂ ಒಪ್ಪಿಸಿತು. ಒಂದು ಆಂಪಿಯರ್-ಗಂಟೆಗೆ 0.336 ಗ್ರಾಂ ಅಲ್ಯುಮಿನಿಯಂ ಕರಗುತ್ತದೆ. ಎರಡು ಸಾವಿರ ಜನಕ್ಕೆ ತಲಾ 5 ಲೀಟರ್ ಎಂದರೆ ದಿನಕ್ಕೆ 1.7 ಕೆ.ಜಿ. ತಗಡು ಕರಗಬೇಕು, ಒಣಗಿದ ತೂಕದಲ್ಲೇ ಸುಮಾರು 5 ಕೆ.ಜಿ. ಗಸಿ ಬೀಳಬೇಕು. ಹಸಿಯಾಗಿದ್ದಾಗ ಅದು ಬಕೆಟ್ಟುಗಟ್ಟಲೆ. ಎಲ್ಲಿ ಸುರಿಯುವುದು ಎಂದು ಊರಿನಲ್ಲಿ ಕೇಳಿದರೆ ಎಲ್ಲರೂ ತಿಪ್ಪೆಯತ್ತ ಕೈ ತೋರಿಸಿದರು.

ಆ ತಿಪ್ಪೆಯ ಬಳಿ ನಿಂತಿದ್ದಾಗಲೇ ನೀರುಗಂಟಿ ಬೋರ್‌ವೆಲ್ಲಿನ ಬಾಯಿ ತೋರಿಸಿದ. ಕೇಸಿಂಗ್ ಪೈಪಿನ ಸುತ್ತ ಸಿಮೆಂಟೇ ಇಲ್ಲ, ಮಣ್ಣು ಕುಸಿದು ಕೈ ತೂರುವಷ್ಟು ಸಂದು. ಚರಂಡಿ ಉಕ್ಕಿದ ದಿನ ನೀರು ಅಲ್ಲಿಗೇ ಇಳಿಯುತ್ತದೆ ಸರ್, ಎಂದ. ಆರು ವಾರಗಳಲ್ಲಿ ನಾವು ಆ ಬೋರ್‌ವೆಲ್ಲಿನಿಂದ ಎಷ್ಟೋ ಸಲ ನೀರು ಹಿಡಿದಿದ್ದೆವು. ಬಗ್ಗಿ ನೋಡಿರಲಿಲ್ಲ.

ಪಂಚಾಯಿತಿಯವರು ಸಂದಿಗೆ ಸಿಮೆಂಟ್ ತುಂಬಿಸಿ ಸುತ್ತ ಕಟ್ಟೆ ಕಟ್ಟಿಸಿದರು. ತಿಪ್ಪೆ ಸರಿಸುವ ಮಾತು ಇನ್ನೂ ಮಾತಾಗಿಯೇ ಇದೆ. ನೈಟ್ರೇಟ್ ಇವತ್ತು ಮುಚ್ಚಿದರೆ ನಾಳೆ ಇಳಿಯುವಂಥದ್ದಲ್ಲ, ಬಂಡೆಯೊಳಗಿರುವುದು ಬಸಿದು ಹೋಗಲು ವರ್ಷಗಳು ಬೇಕು. ಅಲ್ಲಿಯವರೆಗೆ ನೀರುಗಂಟಿಯೇ ಸೂಚಿಸಿದ ದಾರಿ: ಗುಡ್ಡದ ಬುಡದಲ್ಲಿ ಒಂದು ಹಳೆಯ ಬೋರ್‌ವೆಲ್ ಇದೆ, ಅದರ ನೀರನ್ನು ಟ್ಯಾಂಕಿಗೆ ಬೆರೆಸುವುದು. ಪರೀಕ್ಷಿಸಿದೆ. ನೈಟ್ರೇಟ್ 20, ಆದರೆ ಫ್ಲೋರೈಡ್ 1.8. ಬೇರೆ ಮೂಲವಿಲ್ಲದಾಗ ಫ್ಲೋರೈಡಿಗೆ ಗರಿಷ್ಠ ಮಿತಿ 1.5. ಊರಿನ ಬೋರ್‌ವೆಲ್ಲಿನಲ್ಲಿ ಫ್ಲೋರೈಡ್ 0.8. ಕಾಗದ ಪೆನ್ನು ಹಿಡಿದು ಕುಳಿತೆವು. ಊರಿನದು ಒಂದು ಪಾಲು, ಗುಡ್ಡದ್ದು ಎರಡು ಪಾಲು ಸೇರಿಸಿದರೆ ನೈಟ್ರೇಟ್ 43, ಫ್ಲೋರೈಡ್ 1.47. ಎರಡೂ ಗೆರೆಯೊಳಗೆ, ಹೊಸ್ತಿಲಿಗೆ ತಲೆ ತಗಲುವಷ್ಟು ಹತ್ತಿರ. ನೀರುಗಂಟಿ ಎರಡೂ ವಾಲ್ವಿನ ಚಕ್ರಗಳಿಗೆ ಕೆಂಪು ಬಣ್ಣದ ಗುರುತು ಹಾಕಿಕೊಂಡ.

ಯಂತ್ರ ಮೂಲೆ ಸೇರಲಿಲ್ಲ. ಅಲ್ಯುಮಿನಿಯಂ ಗಸಿ ನೈಟ್ರೇಟನ್ನು ಹಿಡಿಯದಿದ್ದರೂ ಫ್ಲೋರೈಡನ್ನು ಬಿಗಿಯಾಗಿ ಹಿಡಿಯುತ್ತದೆ. ಪಟಿಕ ಮತ್ತು ಸುಣ್ಣದ ನಲ್ಗೊಂಡ ವಿಧಾನವೂ ಇದೇ ಗುಣವನ್ನು ನೆಚ್ಚಿಕೊಂಡದ್ದು. ಎರಡು ಗಂಟೆಯ ಬದಲು ಇಪ್ಪತ್ತು ನಿಮಿಷ ವಿದ್ಯುತ್ ಹರಿಸಿದರೆ ಸಾಕು. ಗಸಿ ಕಡಿಮೆ, ಅಮೋನಿಯಾದ ಪ್ರಮಾಣವೂ ಬಹಳ ಕಡಿಮೆ. ಗುಡ್ಡದ ಬೋರ್‌ವೆಲ್ಲಿನ ಪಕ್ಕದ ಶೆಡ್ಡಿನಲ್ಲಿ ಈಗ ಅದರ ಪರೀಕ್ಷೆ ನಡೆಯುತ್ತಿದೆ. ಧ್ವನಿಯ ಟೈಮರ್ ಹಾಗೆಯೇ ಇದೆ. ಈ ಸಲ ನನ್ನ ಪುಸ್ತಕದಲ್ಲಿ ಫ್ಲೋರೈಡ್ ಜೊತೆಗೆ ಉಳಿಕೆ ಅಲ್ಯುಮಿನಿಯಂ, ಅಮೋನಿಯಾ, ನೈಟ್ರೈಟ್, ಪಿಎಚ್‌ಗಳಿಗೂ ಕಾಲಂ ಇವೆ. ಕೊನೆಯ ಕಾಲಂನ ತಲೆಬರಹ "ವಾಸನೆ". ಅದನ್ನು ಆಮ್ಲ ಹಾಕುವ ಮುಂಚೆಯೇ ತುಂಬುತ್ತೇನೆ.

ಹೋದ ವಾರ ರಾತ್ರಿ ನೀರುಗಂಟಿ ಫೋನ್ ಮಾಡಿದ್ದ.

"ಸರ್, ಗುಡ್ಡದ ಬೋರ್ ಸೊರಗುತ್ತಿದೆ. ಇವತ್ತು ಅರ್ಧಕ್ಕರ್ಧ ಬಿಟ್ಟಿದ್ದೇನೆ."

ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನೈಟ್ರೇಟ್ 55.

"ಎಷ್ಟಾಗುತ್ತದೆ ಸರ್?"

ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಕೂಸುಗಳಿರುವ ಮನೆ ಊರಿನಲ್ಲಿ ಹನ್ನೊಂದು ಇವೆ. ಅವರಿಗೆ ಬೆಳಗಿನ ಜಾವವೇ ಗುಡ್ಡದ ನೀರನ್ನು ಬೇರೆ ಡ್ರಮ್ಮಿನಲ್ಲಿ ಹಿಡಿದಿಡುತ್ತೇನೆ" ಎಂದು ಹೇಳಿ ಫೋನ್ ಇಟ್ಟ.